ಲೆನ್ಸ್ ನೋಡಬಾರದು ಎಂದು ಕಲಿತವಳು

ಇದು ಆಗುವ ಮಾತಲ್ಲ ಎಂದು ಮೊದಲು ಹೇಳಿದವನು ನನ್ನ ಸೋದರಮಾವ. ಅವ್ವನ ಬೆನ್ನಿಗೆ ಬಿದ್ದ ತಮ್ಮ. ನಾವು ಮಾಮಾ ಎನ್ನುತ್ತೇವೆ. ಮುಂಬಯಿಯ ಆಂಟಾಪ್ ಹಿಲ್‌ನ ನಮ್ಮ ಮನೆಯ ಬಾಗಿಲಲ್ಲಿ ಇನ್ನೂ ಒಂದು ಚಪ್ಪಲಿ ಕಾಲಲ್ಲೇ ಇರುವಾಗ ಶುರು ಮಾಡಿದ.

"ಏನಕ್ಕಾ, ನಿನ್ನ ಮಗಳು ಸೀರಿಯಲ್ ಬಿಟ್ಟು ಕಾಲೇಜಿಗಿ ಹೊಂಟಾಳಂತ? ಡಿಗ್ರೀ ತಗೊಂಡು ಟೀವಿಯಾಗ ಸುದ್ದಿ ಹೇಳಾಕಿ ಆಗ್ತಾಳಂತ? ನಮ್ಮ ಮನಿತನದಾಗ ಹತ್ತನೇತ್ತಾ ದಾಟಿದವ್ರು ಯಾರದಾರ? ಇಕಿ ದಾಟಿದ್ದ ದೊಡ್ದು. ಇದು ಆಗಂಗಿಲ್ಲ, ಬರ್ದಿಟ್ಕೊ."

"ಬರ್ಕೊಳ್ಳಾಕ ನನಗ ಬರೀಲಿಕ್ಕೆ ಬರ್ತೈತೇನ?" ಎಂದಳು ಅವ್ವ. "ಒಳಗ ಬಾ, ಚಹಾ ಕುಡಿ."

ಮಾಮಾ ಕೆಟ್ಟವನಲ್ಲ. ಕಟ್ಟಡ ಕೆಲಸದಲ್ಲಿ ಮುಕಾದಮ. ಕಲಬುರ್ಗಿ, ವಿಜಯಪುರದ ಕಡೆಯಿಂದ ಬಂದ ಆಳುಗಳನ್ನು ಕೂಡಿಸಿ ಸೈಟಿಗೆ ಕಳಿಸುವುದು ಅವನ ಕೆಲಸ. ಬೆಳಿಗ್ಗೆ ಆಳುಗಳು ನಿಲ್ಲುವ ನಾಕಾದಲ್ಲಿ ಅವನು ಮೊದಲು ಹೇಳುವ ಮಾತು "ನಮ್ಮ ಸೊಸಿ ಟೀವಿಯಾಗ ಬರ್ತಾಳ" ಎನ್ನುವುದು. ನಾನು ಸೀರಿಯಲ್ ಬಿಟ್ಟರೆ ಆ ಮಾತು ಹೋಗುತ್ತದೆ. ಅದು ಅವನ ನಷ್ಟ, ನನಗೆ ಅರ್ಥವಾಗುತ್ತಿತ್ತು. ಹಾಗೆಂದು ಒಪ್ಪಲು ಆಗುತ್ತಿರಲಿಲ್ಲ.

ನಾನು ಟೀವಿಗೆ ಬಂದದ್ದು ವಡಾಲದ ಒಂದು ಕನ್ನಡ ಸಂಘದ ನಾಟಕದಿಂದ. ಹನ್ನೆರಡನೇ ತರಗತಿ ಮುಗಿಸಿ ಮನೆಯಲ್ಲಿದ್ದೆ. ಅಪ್ಪ ಸೆಂಟ್ರಿಂಗ್ ಕೆಲಸಕ್ಕೆ ಹೋಗುತ್ತಿದ್ದ, ಅವ್ವ ಮಾಟುಂಗಾದ ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನಾಟಕ ನೋಡಲು ಬಂದಿದ್ದ ಒಬ್ಬರು ಗೋರೆಗಾಂವ್‌ನ ಸ್ಟುಡಿಯೋಗೆ ಬಾ ಎಂದರು, ಹೋದೆ. ಹಿಂದಿ ಸೀರಿಯಲ್ಲುಗಳಲ್ಲಿ ನರ್ಸ್ ಆದೆ, ಬ್ಯಾಂಕಿನ ಹುಡುಗಿಯಾದೆ, ನಾಯಕಿಯ ಗೆಳತಿಯಾದೆ. ಬಾಗಿಲು ತಳ್ಳಿಕೊಂಡು ಬಂದು "ಭಾಭೀ, ಸುನಾ ಆಪ್ನೇ?" ಎಂದು ಚಾಡಿ ತಂದು ಮನೆಗೆ ಬೆಂಕಿ ಹಚ್ಚುವ ಪಕ್ಕದ ಮನೆಯವಳಂತೂ ಎಷ್ಟು ಸಲ ಆದೆನೋ. ಸಣ್ಣ ಪಾತ್ರ, ಆದರೆ ಕೆಲಸ ತಪ್ಪುತ್ತಿರಲಿಲ್ಲ. ನಾನು ಸಮಯಕ್ಕೆ ಬರುತ್ತಿದ್ದೆ, ಮಾತು ಮರೆಯುತ್ತಿರಲಿಲ್ಲ. ಇದನ್ನು ಹೆಮ್ಮೆಯಿಂದಲೇ ಬರೆಯುತ್ತಿದ್ದೇನೆ.

ಆ ಕೆಲಸದ ಮೊದಲ ಪಾಠ ಒಂದೇ: ಕ್ಯಾಮೆರಾದ ಲೆನ್ಸ್ ನೋಡಬಾರದು. ಹೊಸಬರು ಎಲ್ಲರೂ ಅದನ್ನೇ ನೋಡುತ್ತಾರೆ. ನಾನೂ ನೋಡಿದ್ದೆ. ನಾಯಕನ ಅಮ್ಮ ಸತ್ತ ದೃಶ್ಯ. ಅವನು ಗ್ಲಿಸರಿನ್ ಹಾಕಿಕೊಂಡು ಅತ್ತು ಮುಗಿಸುವಷ್ಟರಲ್ಲಿ ಹಿಂದೆ ನಿಂತ ನಾನು ಸೀದಾ ಲೆನ್ಸಿನೊಳಗೆ ಕಣ್ಣಿಟ್ಟಿದ್ದೆ. "ಲೆನ್ಸ್ ಮತ್ ದೇಖೋ! ಅಬ್ ಯೇ ಫಿರ್ ಸೆ ರೋಯೇಗಾ!" ಎಂದು ಸಹಾಯಕ ನಿರ್ದೇಶಕ ಕೂಗಿದ: ಲೆನ್ಸ್ ನೋಡಬೇಡ, ಇನ್ನು ಇವನು ಮತ್ತೆ ಅಳಬೇಕು. ನಾಯಕ ನನ್ನ ಕಡೆ ನೋಡಿದ ನೋಟಕ್ಕೆ ನನಗೂ ಗ್ಲಿಸರಿನ್ ಇಲ್ಲದೆ ಅಳು ಬಂತು. ಆಮೇಲೆ ಎಂದೂ ನೋಡಲಿಲ್ಲ. ಎದುರು ಯಾರೂ ಇರದಿದ್ದರೂ ಲೆನ್ಸಿನ ಪಕ್ಕದಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿಕೊಂಡು ಅವನ ಜೊತೆ ಮಾತಾಡುವುದು ನನಗೆ ಉಸಿರಾಟದಂತೆ ಆಯಿತು.

ಒಂದು ಸೀರಿಯಲ್ಲಿನಲ್ಲಿ ನಾನು ಟೀವಿ ವರದಿಗಾರ್ತಿಯಾದೆ. ಮಂತ್ರಿಯ ಬಂಗಲೆಯ ಮುಂದೆ ಮೈಕ್ ಚಾಚಿ "ಜನತಾ ಜವಾಬ್ ಚಾಹತೀ ಹೈ!" ಎನ್ನಬೇಕು, ಜನಕ್ಕೆ ಉತ್ತರ ಬೇಕು ಎಂದು, ಅಷ್ಟೇ. ಮೈಕಿಗೆ ವೈರ್ ಇರಲಿಲ್ಲ, ಅದರ ಮೇಲಿನ ಚಾನೆಲ್ಲಿನ ಗುರುತು ಫೆವಿಕಾಲ್ ಬಿಟ್ಟು ಜೋತಾಡುತ್ತಿತ್ತು.

ಅದು ಪ್ರಸಾರವಾದ ಮಾರನೆಯ ದಿನ ನಮ್ಮ ಬಿಲ್ಡಿಂಗಿನ ಹನ್ನೊಂದನೇ ಮಹಡಿಯ ಆಯಿ ನನಗೆ ಹೇಳಿ ಕಳಿಸಿದಳು. ಊರಿನ ಕಡೆಯ ಮುದುಕಿ, ನಮಗೆ ನೆಂಟಳಲ್ಲ, ಆದರೂ ಎಲ್ಲರಿಗೂ ಆಯಿ. ಜೋಪಡಿ ತೆಗೆದು ನಮ್ಮನ್ನೆಲ್ಲ ಈ ಎತ್ತರದ ಬಿಲ್ಡಿಂಗಿಗೆ ತಂದಾಗ ಅವಳಿಗೆ ಸಿಕ್ಕಿದ್ದು ಹನ್ನೊಂದನೇ ಮಹಡಿ. ಲಿಫ್ಟ್ ನಡೆದದ್ದಕ್ಕಿಂತ ನಿಂತದ್ದೇ ಹೆಚ್ಚು. ಅದು ನಿಂತಾಗ ಆಯಿಯೂ ಅಲ್ಲೇ, ಮೊಣಕಾಲು ಹಿಡಿದುಕೊಂಡು.

"ಬಾ ಬಾ. ಮಂತ್ರಿಗಿ ಚೊಲೋ ಜಾಡಿಸಿದಿ" ಎಂದಳು. "ನಾ ಕಣ್ಣಾರೆ ನೋಡೀನಿ. ಈಗ ನಮ್ಮ ಲಿಫ್ಟಿಂದೂ ಹಂಗ ಕೇಳು."

"ಆಯಿ, ಅದು ಸೀರಿಯಲ್. ಖರೇ ಅಲ್ಲ."

"ಮೈಕ್ ಹಿಡಿದಿದ್ದಿ ಇಲ್ಲೋ?"

"ಹಿಡಿದಿದ್ದೆ. ಅದಕ್ಕ ವಾಯರೂ ಇದ್ದಿಲ್ಲ ಆಯಿ."

"ಹಂಗಾದ್ರ ವಾಯರ್ ಹಚ್ಚಿಸ್ಕೊ" ಎಂದಳು.

ನಾನು ನಗುತ್ತಲೇ ಮೆಟ್ಟಿಲಿಳಿಯಲು ಶುರು ಮಾಡಿದೆ. ಕೆಳಗೆ ಬರುವಷ್ಟರಲ್ಲಿ ನಗು ನಿಂತಿತ್ತು. ನನ್ನ ಮುಖ ನೋಡಿ ಒಬ್ಬಳು ಮುದುಕಿ ತನ್ನ ಕಷ್ಟ ಹೇಳಿದಳು, ನಾನು ಅದನ್ನು ಎಲ್ಲಿಗೂ ಒಯ್ಯಲಾರದವಳು. ಮಾತಾಡಲು ಬರುತ್ತದೆ, ನಿಲ್ಲಲು ಬರುತ್ತದೆ. ಬಾರದೇ ಇರುವುದು ಕೇಳಬೇಕಾದ್ದನ್ನು ಯಾರನ್ನು ಹೇಗೆ ಕೇಳಬೇಕೆಂಬ ವಿದ್ಯೆ. ಅದನ್ನು ಕಲಿಸುವ ಪದವಿ ಘಾಟ್ಕೋಪರ್‌ನ ಒಂದು ಕಾಲೇಜಿನಲ್ಲಿತ್ತು. ಪತ್ರಿಕೋದ್ಯಮ, ಟೀವಿ, ಎಲ್ಲ ಸೇರಿದ ಕೋರ್ಸು, ಬೆಳಗಿನ ತರಗತಿ. ಶೂಟಿಂಗ್ ಮಧ್ಯಾಹ್ನಕ್ಕಿಟ್ಟುಕೊಂಡು ಸೇರಿದೆ.

ಮೊದಲ ದಿನ ನಾನು ಒಳಗೆ ಕಾಲಿಟ್ಟ ಕೂಡಲೇ ಇಡೀ ಕ್ಲಾಸು ಎದ್ದು ನಿಂತಿತು. "ಗುಡ್ ಮಾರ್ನಿಂಗ್ ಮ್ಯಾಮ್." ನಾನೂ ನಟಿ, ಎರಡು ಸೆಕೆಂಡು ಗಂಭೀರವಾಗಿ ತಲೆಯಾಡಿಸಿ, ಹೋಗಿ ಮೂರನೇ ಬೆಂಚಿನಲ್ಲಿ ಕೂತೆ. ಅವರು ಬಿದ್ದು ಬಿದ್ದು ನಕ್ಕರು. ಅಂದಿನಿಂದ ನಾನು ಎಲ್ಲರ 'ದೀದಿ'.

ಇಂಗ್ಲಿಷ್ ಕಷ್ಟವಾಯಿತು. ಕನ್ನಡ ಶಾಲೆಯಲ್ಲಿ ಕಲಿತವಳು ನಾನು. ಹಿಂದಿ, ಮರಾಠಿ ಬೀದಿಯಲ್ಲಿ ಬಂದವು, ಇಂಗ್ಲಿಷ್ ಹಾಗೆ ಬರಲಿಲ್ಲ. ಆದರೆ ಬಾಯಿಪಾಠ ನನ್ನ ಕಸುಬು. ವಡಾಲದಲ್ಲಿ ಲೋಕಲ್ ಹತ್ತಿ ಕುರ್ಲಾದಲ್ಲಿ ಬದಲಾಯಿಸಿ ಘಾಟ್ಕೋಪರ್ ಮುಟ್ಟುವವರೆಗೆ ಸಂವಿಧಾನದ ವಿಧಿಗಳನ್ನು ಡೈಲಾಗ್ ಮಾಡಿಕೊಂಡು ಹೇಳುತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಕ್ಲಿಪ್ಪು ಮಾರುವವಳು ಒಂದು ದಿನ ನಿಂತು ಕೇಳಿ, "ಕೇಸ್ ಚಲ್ ರಹಾ ಹೈ ಕ್ಯಾ, ಬೆಹನ್?" ಎಂದಳು; ಕೋರ್ಟಿನಲ್ಲಿ ನನ್ನದೊಂದು ಕೇಸು ನಡೆದಿದೆ ಎಂದುಕೊಂಡಿದ್ದಳು. ಮೊದಲು ಬಾಯಿಗೆ ಬಂತು, ಆಮೇಲೆ ತಲೆಗೆ ಬಂತು. ಬರೆಯುವ ಪರೀಕ್ಷೆಗಳಲ್ಲೆಲ್ಲ ಪಾಸಾದೆ.

ಫೇಲಾದದ್ದು ಟೀವಿ ಪ್ರಾಕ್ಟಿಕಲ್‌ನಲ್ಲಿ.

ವರದಿಗಾರ ಸ್ಥಳದಲ್ಲಿ ನಿಂತು ಸೀದಾ ಕ್ಯಾಮೆರಾ ನೋಡಿ ನೋಡುಗರಿಗೆ ವಿಷಯ ಹೇಳಬೇಕು, ಅದೇ ಪರೀಕ್ಷೆ. ನಾನು ನಿಂತೆ, ಒಂದು ಮಾತೂ ತಡವರಿಸದೆ ಹೇಳಿದೆ. ಮುಗಿದ ಮೇಲೆ ಪ್ರೊಫೆಸರ್ ಮೇಡಂ ಹಿಂದಿಯಲ್ಲಿ ಕೇಳಿದರು, "ಯಾರ ಜೊತೆ ಮಾತಾಡಿದಿ? ಅಲ್ಲಿ ಗೋಡೆ ಇದೆಯಲ್ಲ."

ಮತ್ತೆ ಮಾಡಿಸಿದರು. ಕಣ್ಣು ಲೆನ್ಸಿನವರೆಗೆ ಹೋಗುತ್ತಿತ್ತು, ಬಿಸಿ ಹಂಚು ಮುಟ್ಟಿದಂತೆ ಪಕ್ಕಕ್ಕೆ ಹಾರುತ್ತಿತ್ತು. ಹದಿನೆಂಟರ ಹುಡುಗಿಯರು, ಜೀವನದಲ್ಲಿ ಮೊಬೈಲ್ ಬಿಟ್ಟು ಬೇರೆ ಕ್ಯಾಮೆರಾ ಕಂಡವರಲ್ಲ, ಲೆನ್ಸನ್ನು ದಿಟ್ಟಿಸಿ ನೋಡಿ ಪಾಸಾದರು. ನನಗೆ ಕೇಟಿ ಬಿತ್ತು. ಮುಂಬಯಿಯ ಕಾಲೇಜುಗಳಲ್ಲಿ ಉಳಿದುಕೊಂಡ ವಿಷಯಕ್ಕೆ ಹಾಗೆನ್ನುತ್ತಾರೆ. ಮುಂದಿನ ವರ್ಷಕ್ಕೆ ಹೋಗಬಹುದು, ಆದರೆ ಅದನ್ನು ಮತ್ತೆ ಬರೆದು ಬಿಡಿಸಿಕೊಳ್ಳದೆ ಡಿಗ್ರಿ ಇಲ್ಲ.

ಮಾಮಾನಿಗೆ ಹಬ್ಬವಾಯಿತು. "ಗಣಿತದಾಗ ನಪಾಸ್ ಆಗಿದ್ರ ಯಾರರೆ ಒಪ್ತಿದ್ರು. ಟೀವಿಯಾಗಿದ್ದಾಕಿ ಟೀವಿ ವಿಷಯದಾಗ ನಪಾಸ! ನಾಕಾದಾಗ ಹೆಂಗ ಹೇಳ್ಲಿ ನಾ?"

"ನೀ ಯಾವ ವಿಷಯದಾಗ ಪಾಸಾಗಿಯೋ ತಮ್ಮಾ?" ಎಂದಳು ಅವ್ವ.

"ನಾ ಪರೀಕ್ಷೆಗೇ ಕುಂತಿಲ್ಲ. ನನ್ನ ಯಾರು ನಪಾಸ್ ಮಾಡ್ತಾರ?"

ಅಪ್ಪ ಹೆಚ್ಚು ಮಾತಿನವನಲ್ಲ. ಅವನು ಊಟ ಮಾಡುತ್ತಾ ಇಷ್ಟೇ ಕೇಳಿದ: "ಹೊಳ್ಳಿ ಕುಂಡ್ರಾಕ ಬಿಡ್ತಾರಿಲ್ಲೊ?" ಬಿಡುತ್ತಾರೆ ಎಂದೆ. "ಮತ್ತೇನ" ಎಂದು ರೊಟ್ಟಿ ಮುರಿದ.

ಎರಡನೇ ವರ್ಷ ನಾನು ಸ್ಟುಡಿಯೋ ಪೂರ್ತಿ ಬಿಟ್ಟೆ. ಘಾಟ್ಕೋಪರ್‌ನಲ್ಲೇ ಒಂದು ಸಣ್ಣ ಕೇಬಲ್ ಸುದ್ದಿ ಚಾನೆಲ್ ಇತ್ತು. ಮಧ್ಯಾಹ್ನದ ಮೇಲೆ ಅಲ್ಲಿ ಟ್ರೇನಿ. ಫೋನ್ ಮಾಡಿ ಸುದ್ದಿ ಖಚಿತ ಮಾಡಿಕೊಳ್ಳುವುದು, ಪರದೆಯ ಕೆಳಗೆ ಓಡುವ ಸಾಲು ಬರೆಯುವುದು. ಕ್ಯಾಮೆರಾದ ಮುಂದೆ ನನ್ನನ್ನು ಯಾರೂ ಕರೆಯಲಿಲ್ಲ, ನಾನೂ ಕೇಳಲಿಲ್ಲ. "ಅರೇ ಹೀರೋಯಿನ್, ಕಣ್ಣೀರು ಹಾಕಿ ತೋರಿಸು" ಎಂದು ಡೆಸ್ಕಿನವರು ಕಾಡಿಸುತ್ತಿದ್ದರು. "ಗ್ಲಿಸರಿನ್ ತರಿಸಿ, ಹಾಕ್ತೀನಿ" ಎನ್ನುತ್ತಿದ್ದೆ.

ಹೀಗಿರುವಾಗ ನಮ್ಮದೇ ಬಿಲ್ಡಿಂಗಿನ ಲಿಫ್ಟಿನ ಹಗ್ಗ ತುಂಡಾಗಿ ಡಬ್ಬಿ ಎರಡು ಮಹಡಿ ಜಾರಿತು. ಒಳಗೆ ಯಾರೂ ಇರಲಿಲ್ಲ, ಪುಣ್ಯ. ಅವ್ವನ ಫೋನ್ ಬಂದಾಗ ನಾನು ಡೆಸ್ಕಿನಲ್ಲಿದ್ದೆ. ವರದಿಗಾರರೆಲ್ಲ ಹೊರಗಿದ್ದರು. ಸಂಪಾದಕರು ನನ್ನ ಕಡೆ ಕೈ ತೋರಿಸಿದರು: "ನಿನ್ನ ಬಿಲ್ಡಿಂಗ್ ತಾನೆ? ಹೋಗು. ಲೈವ್."

ಕ್ಯಾಮೆರಾಮನ್ ಒಬ್ಬ ಹಿರಿಯ ಮರಾಠಿ ಕಾಕಾ. ಬಿಲ್ಡಿಂಗಿನ ಬಾಗಿಲಲ್ಲಿ ನನ್ನನ್ನು ನಿಲ್ಲಿಸಿದರು. ಕೈಯಲ್ಲಿ ಮೈಕು, ಕಿವಿಯಲ್ಲಿ ಸ್ಟುಡಿಯೋದ ಧ್ವನಿ. ಆ್ಯಂಕರ್ ನನ್ನನ್ನು ಪರಿಚಯಿಸಿ, ಅಲ್ಲೇನಾಗಿದೆ ಎಂದು ಕೇಳಿದ. ನಾನು ಸುಮ್ಮನೆ ನಿಂತೆ. ಮತ್ತೆ ಕೇಳಿದ. ಮತ್ತೂ ನಿಂತೆ. ಹೆದರಿಕೆಯಿಂದ ಅಲ್ಲ, ಮುಖ ಸಿದ್ಧವಿತ್ತು, ಮಾತು ಸಿದ್ಧವಿತ್ತು, ನಾನು 'ಆ್ಯಕ್ಷನ್' ಎನ್ನುವುದನ್ನು ಕಾಯುತ್ತಿದ್ದೆ! ಇಷ್ಟು ವರ್ಷ ಆ ಶಬ್ದ ಬೀಳದೆ ನಾನು ಬಾಯಿ ತೆರೆದವಳಲ್ಲ.

ಕಾಕಾಗೆ ಅರ್ಥವಾಯಿತು. ಕ್ಯಾಮೆರಾದ ಹಿಂದಿನಿಂದ ಹಲ್ಲು ಕಚ್ಚಿ ಪಿಸುಗುಟ್ಟಿದರು: "ಅಗಂ ಬೋಲ್ ನಾ! ಇಥೇ ಕೋಣೀ ಆ್ಯಕ್ಷನ್ ಮ್ಹಣಣಾರ್ ನಾಹೀ!" ಇಲ್ಲಿ ಯಾರೂ ಆ್ಯಕ್ಷನ್ ಅನ್ನುವವರಿಲ್ಲ, ಮಾತಾಡು.

ಯಾರ ಜೊತೆ? ಕಣ್ಣು ಆಗಲೇ ಪಕ್ಕದ ಲೈಟು ಕಂಬಕ್ಕೆ ಹೋಗಿತ್ತು. ಆಗ ನೆನಪಾದದ್ದು ಆಯಿ. ನಾನು ಬರುತ್ತೇನೆಂದು ಅವ್ವನಿಂದ ಗೊತ್ತಾಗಿ ಅವಳು ಮೇಲೆ ಟೀವಿ ಹಚ್ಚಿಕೊಂಡು ಕೂತಿರುತ್ತಾಳೆ. ಅವಳು ಇಳಿದು ಬರಲಾರಳು, ನಾನು ಈಗ ಹತ್ತಿ ಹೋಗಲಾರೆ. ಅವಳ ಹತ್ತಿರ ಹೋಗುವ ದಾರಿ ಎದುರಿಗಿರುವ ಆ ಕಪ್ಪು ಗಾಜು ಒಂದೇ. ನಾನು ಅದರೊಳಗೆ ನೋಡಿದೆ, ಆಯಿಗೆ ಹೇಳಿದಂತೆ ಹೇಳಿದೆ. ಲಿಫ್ಟ್ ಬಿದ್ದದ್ದು ಹೇಳಿದೆ. ರಿಪೇರಿ ಯಾರು ಮಾಡಬೇಕೆಂದು ಬಿಲ್ಡಿಂಗಿನ ನಿವಾಸಿಗಳ ಸೊಸೈಟಿ ಬಿಲ್ಡರನ ಕಡೆಗೆ, ಬಿಲ್ಡರ್ ಸೊಸೈಟಿಯ ಕಡೆಗೆ ಬೊಟ್ಟು ಮಾಡುತ್ತಿರುವುದು ಹೇಳಿದೆ. ಮೇಲಿನ ಮಹಡಿಯ ರೋಗಿಗಳನ್ನು ಕುರ್ಚಿಯಲ್ಲಿ ಕೂಡಿಸಿ ಹೊತ್ತು ಇಳಿಸುವುದು ಹೇಳಿದೆ. ಆ್ಯಂಕರ್ ಸಾಕು ಎನ್ನುವವರೆಗೆ ಕಣ್ಣು ಕದಲಲಿಲ್ಲ.

ಮುಗಿಸಿ ಮೇಲೆ ಹತ್ತಿ ಹೋದೆ. ಆಯಿ ಬೈಯಲು ತಯಾರಾಗಿದ್ದಳು. "ಮದಲ ಯಾಕ ಬಾಯಿ ಮುಚ್ಕೊಂಡು ನಿಂತಿದ್ದಿ? ನಾ ಟೀವಿ ಕೆಟ್ಟತಂತ ತಿಳ್ದು ಅದರ ತಲಿಮ್ಯಾಲ ಎರಡ್ ಏಟು ಬಿಟ್ಟೆ!"

ಕೇಟಿ ಪರೀಕ್ಷೆಗೆ ಮೇಡಂ ಎರಡನೇ ಸಲ ಮಾಡಿಸಲಿಲ್ಲ. ಒಂದೇ ಸಲಕ್ಕೆ ಸಾಕು ಎಂದರು. "ಗೋಡೆಗೆ ಏನಾಯಿತು?" ಎಂದು ಕೇಳಿದರು. ಗೋಡೆ ಅಲ್ಲೇ ಇದೆ ಮೇಡಂ, ನಾನು ಈ ಕಡೆ ತಿರುಗಿದೆ ಎಂದೆ. ಮೂರನೇ ವರ್ಷ ಇನ್ನೂ ಬಾಕಿ ಇತ್ತಲ್ಲ, ಮಾಮಾ ಸೋಲೊಪ್ಪಲು ಅವಸರ ಮಾಡಲಿಲ್ಲ.

ಮೂರನೇ ವರ್ಷ ವಾರ್ಡಿನ ಚುನಾವಣೆ ಬಂತು. ನಮ್ಮಲ್ಲಿ ಮಹಿಳಾ ಬಚತ್ ಗಟ, ಅಂದರೆ ಉಳಿತಾಯ ಸಂಘ, ನಡೆಸುತ್ತಿದ್ದ ಒಬ್ಬ ಹೆಂಗಸು ನಿಂತಿದ್ದರು. ಮರಾಠಿ ರೀತಿಯಲ್ಲಿ ಎಲ್ಲರೂ ಅವರನ್ನು 'ಬಾಯಿ' ಎನ್ನುತ್ತಿದ್ದರು. ಮೂಲ ಉಡುಪಿಯ ಕಡೆಯವರು, ಹುಟ್ಟಿದ್ದು ಮುಂಬಯಿಯಲ್ಲೇ. ಮಾಮಾ ಅವರ ಪ್ರಚಾರಕ್ಕೆ ಜನ ಕೂಡಿಸುತ್ತಿದ್ದ. ಒಂದು ಸಂಜೆ ನನ್ನನ್ನು ಅವರ ಕಚೇರಿಗೆ ಕರೆದುಕೊಂಡು ಹೋದ.

"ಕನ್ನಡ ನನಗೆ ಥೋಡಾ ಥೋಡಾ ಬರ್ತದೆ ಹಾಂ" ಎಂದರು ಬಾಯಿ. "ನೀವು ಆ್ಯಕ್ಟಿಂಗ್ ಮಾಡಿದ್ದೀರಿ ನಾ? ಒಂದು ವಿಡಿಯೋ ಬೇಕು. ನೀವು ಹೌಸ್‌ವೈಫ್. ತರ್ಕಾರಿ ಚೀಲ ಹಿಡ್ಕೊಂಡು ಲಿಫ್ಟಿಂದ ನಗ್ತಾ ಹೊರಗೆ ಬರ್ಬೇಕು, ಬಸ್. ನಾನು ಬಂದ್ರೆ ಎಲ್ಲ ಬಿಲ್ಡಿಂಗಲ್ಲಿ ಲಿಫ್ಟ್ ಹೀಗೇ ನಡೀತದೆ ಅಂತ."

"ಯಾವ ಲಿಫ್ಟಿಂದ?" ಎಂದೆ.

ಅದಕ್ಕೆ ಘಾಟ್ಕೋಪರ್‌ನ ಒಂದು ಸೊಸೈಟಿ ನೋಡಿ ಇಟ್ಟಿದ್ದರು. ಕನ್ನಡಿ ಇದ್ದ ಲಿಫ್ಟ್.

ನಾನು ಆಗುವುದಿಲ್ಲ ಎಂದೆ. ಬಾಯಿ ಮಾಮಾನ ಮುಖ ನೋಡಿದರು. ಮಾಮಾ ಕೆಂಪಾದ.

"ಯಾಕ ಆಗಂಗಿಲ್ಲ? ಇಷ್ಟ ವರ್ಷ ಬಣ್ಣ ಹಚ್ಕೊಂಡು ನರ್ಸ್ ಆಗಿದ್ಯಲ್ಲ, ಯಾರಿಗಿ ಖರೇ ಸೂಜಿ ಚುಚ್ಚಿದ್ದಿ ಆಗ?"

"ಆಗ ನೋಡಾವ್ರಿಗೆ ಗೊತ್ತಿತ್ತು ಮಾಮಾ, ಅದು ನಾಟಕ ಅಂತ."

"ಹನ್ನೊಂದನೇ ಮಾಳಾದ ಮುದುಕಿಗಿ ಗೊತ್ತಿತ್ತೇನ?"

"ಗೊತ್ತಿದ್ದಿಲ್ಲ. ಅದಕ್ಕ ಬ್ಯಾಡ ಅನ್ನಾಕ ಹತ್ತೀನಿ."

ಅಲ್ಲಿಗೆ ಎದ್ದು ಬರಬಹುದಿತ್ತು. ಬಾಗಿಲವರೆಗೆ ಹೋದವಳು ತಿರುಗಿ ಬಾಯಿಗೆ ಹೇಳಿದೆ: ನಗುವ ಹೆಂಗಸು ಬೇಡ, ನೀವೇ ಬನ್ನಿ. ನಮ್ಮ ಬಿಲ್ಡಿಂಗಿನ ಮೆಟ್ಟಿಲು ಹನ್ನೊಂದನೇ ಮಹಡಿಯವರೆಗೆ ಹತ್ತಿ. ಮೇಲೆ ಹೋಗಿ, ನೀರು ಕುಡಿಯುವುದಕ್ಕೂ ಮೊದಲು, ಕ್ಯಾಮೆರಾ ನೋಡಿ ಏನು ಅನ್ನಿಸಿತೋ ಅದನ್ನು ಹೇಳಿ.

ಮಾರನೆಯ ದಿನ ಅವರೇ ಫೋನ್ ಮಾಡಿದರು. ತಮ್ಮ ಜೊತೆ ಕೆಲಸ ಮಾಡಿ ಎಂದರು. ಚಾನೆಲ್ಲಿನ ಸಂಪಾದಕರಿಗೆ ಮೊದಲು ಹೇಳಿದೆ. ಅವರು ಸಿಟ್ಟಾಗಲಿಲ್ಲ, ಆದರೆ ನೇರ ಹೇಳಿದರು: "ಅವರ ಮಾತು ಬರೆಯುವವಳು ಅವರ ಸುದ್ದಿ ಮಾಡೋಕೆ ಬರಲ್ಲ. ಮೈಕ್ ಇಟ್ಟು ಹೋಗು." ಇಟ್ಟೆ. ಇಡಲು ಮನಸ್ಸಿರಲಿಲ್ಲ, ಸುಳ್ಳು ಹೇಳುವುದಿಲ್ಲ. ಆದರೆ ಚಾನೆಲ್ಲಿನಲ್ಲಿ ನಾನು ಲಿಫ್ಟಿನ ಬಗ್ಗೆ ಕೇಳುವವಳಾಗಿದ್ದೆ. ಇಲ್ಲಿ ಉತ್ತರ ಕೊಡಬೇಕಾದವರ ಪಕ್ಕದಲ್ಲೇ ಕೂರುವ ಜಾಗ ಸಿಕ್ಕಿತ್ತು.

ಬಾಯಿ ಮೆಟ್ಟಿಲು ಹತ್ತಿದರು. ಏಳನೇ ಮಹಡಿಯಲ್ಲಿ ಕೂತರು, ಎದ್ದರು. ಮೇಲೆ ಬಂದಾಗ ಮುಖದ ಪೌಡರ್ ಇಳಿದು ಕುತ್ತಿಗೆಗೆ ಬಂದಿತ್ತು. ಆಯಿಯ ಬಾಗಿಲಲ್ಲಿ ಗೋಡೆ ಹಿಡಿದು ನಿಂತು, ಲೆನ್ಸ್ ನೋಡಿ, ನಾನು ಬರೆದುಕೊಟ್ಟದ್ದನ್ನೆಲ್ಲ ಮರೆತು, ಹಿಂದಿಯಲ್ಲಿ ಇಷ್ಟೇ ಹೇಳಿದರು: "ನಾನು ಇವತ್ತೊಂದು ದಿನ ಹತ್ತಿದೆ. ಇವರು ದಿನಾ ಹತ್ತುತ್ತಾರೆ. ನನಗೆ... ನೀರು ಕೊಡಿ." ಒಳಗಿನಿಂದ ಆಯಿಯ ದನಿ ಕೇಳಿಸಿತು: "ಕೊಡ್ತೀನಿ, ಕುಂದ್ರು ಮದಲ!" ವಿಡಿಯೋದಿಂದ ನಾನು ಅದನ್ನೂ ಕತ್ತರಿಸಲಿಲ್ಲ. ಒಂದೇ ಟೇಕ್. ಆಂಟಾಪ್ ಹಿಲ್‌ನ ಪ್ರತಿ ಬಿಲ್ಡಿಂಗಿನ ವಾಟ್ಸಾಪ್ ಗ್ರೂಪಿಗೂ ಅದು ಹೋಯಿತು.

ಅವರು ಗೆದ್ದರು. ವಿಡಿಯೋದಿಂದಲೇ ಗೆದ್ದರು ಎಂದು ನಾನು ಹೇಳಿಕೊಳ್ಳುವುದಿಲ್ಲ, ಅವರು ವರ್ಷಗಟ್ಟಲೆ ಓಡಾಡಿದ್ದಾರೆ. ಈಗ ಅವರ ಪತ್ರಿಕಾ ಹೇಳಿಕೆ, ಭಾಷಣ, ಟೀವಿ ಚರ್ಚೆಯ ತಯಾರಿ, ಎಲ್ಲ ನನ್ನದು. ಮರಾಠಿ, ಹಿಂದಿ, ಇಂಗ್ಲಿಷ್, ನಮ್ಮವರಿಗೆ ಕನ್ನಡ. ಅವರು ಕಣ್ಣಿಂದ ನೋಡದ ಕೆಲಸದ ಬಗ್ಗೆ ಒಂದು ಸಾಲೂ ಹೊರಗೆ ಬಿಡುವುದಿಲ್ಲ. ಅದಕ್ಕಾಗಿ ಜಗಳವಾಗುತ್ತದೆ, ಆಗಲಿ. ಲಿಫ್ಟ್ ಹೊಸದು ಬಂದಿದೆ, ನಡೆಯುತ್ತಿದೆ. ನಡೆಯದ ದಿನ ಬಾಯಿಗೆ ಮೊದಲ ಫೋನ್ ನನ್ನದೇ.

ಈ ಗಡಿಬಿಡಿಯಲ್ಲೇ ಕೊನೆಯ ಪರೀಕ್ಷೆ ಬರೆದೆ, ಫಲಿತಾಂಶ ಬಂತು, ಪದವಿ ಕೊಡುವ ದಿನವೂ ಬಂತು. ಕಾಲೇಜಿನ ಸಭಾಂಗಣಕ್ಕೆ ಅಪ್ಪ, ಅವ್ವ, ಮಾಮಾ ಮೂವರೂ ಬಂದರು. ಮಾಮಾ ಬಿಳಿ ಅಂಗಿಗೆ ಇಸ್ತ್ರಿ ಮಾಡಿಸಿಕೊಂಡಿದ್ದ, ಪಕ್ಕದಲ್ಲಿ ಕೂತ ಅಪರಿಚಿತರಿಗೆಲ್ಲ ಏನೋ ಹೇಳುತ್ತಿದ್ದ. ಏನೆಂದು ನನಗೆ ಕೇಳಿಸಲಿಲ್ಲ. ಕೌಂಟರಿನಲ್ಲಿ ಕಪ್ಪು ಗೌನು ಕೊಟ್ಟರು, ಹಾಕಿಕೊಂಡೆ. ನನ್ನ ಹೆಸರು ಕೂಗಿದರು. ವೇದಿಕೆ ಹತ್ತಿದೆ, ಪ್ರಾಂಶುಪಾಲರು ಸರ್ಟಿಫಿಕೇಟ್ ಕೈಗಿತ್ತರು. ಮೂರನೇ ಬೆಂಚಿನ ಹುಡುಗಿಯರು "ದೀದಿ! ದೀದಿ!" ಎಂದು ಸಿಳ್ಳೆ ಹಾಕಿದರು. ಫೋಟೋದವನು ಈ ಕಡೆ ನೋಡಿ ಎಂದ, ನೋಡಿದೆ.

ಇಳಿದು ಬಂದು ಸರ್ಟಿಫಿಕೇಟನ್ನು ಅವ್ವನ ಕೈಯಲ್ಲಿಟ್ಟೆ. ಅವಳು ಸೆರಗಿನಿಂದ ಬೆರಳು ಒರೆಸಿಕೊಂಡು, ಎರಡೂ ಅಂಚು ಹಿಡಿದು ನೋಡಿದಳು. ನಾನು ಗೌನು ಬಿಚ್ಚಿ ಮಡಚತೊಡಗಿದೆ.

"ಅದನ್ಯಾಕ ಬಿಚ್ಚಿದಿ?"

"ಹೊಳ್ಳಿ ಕೊಡಬೇಕವಾ. ಬಾಡಗಿದು."

ಅವ್ವನ ಮುಖ ಇಳಿಯಿತು. ಶೂಟಿಂಗಿನಿಂದ ನಾನು ಯಾವ ರೇಷ್ಮೆ ಸೀರೆ, ಯಾವ ಸರ ಹಾಕಿಕೊಂಡ ಫೋಟೋ ತಂದರೂ, ಅದು ಸಂಜೆಗೇ ವಾಪಸ್ಸು ಹೋಗುತ್ತಿದ್ದ ಸಾಮಾನೆಂದು ಅವಳಿಗೆ ಗೊತ್ತು. ಕಾಗದವನ್ನು ಎದೆಯ ಹತ್ತಿರಕ್ಕೆ ಎಳೆದುಕೊಂಡು ಮೆಲ್ಲಗೆ ಕೇಳಿದಳು, "ಇದನ್ನೂ ಹೊಳ್ಳಿ ಕೊಡೂದೈತೇನ?"

"ಇಲ್ಲವಾ. ಇದು ನಮ್ದ."

ನಾನು ಅದನ್ನು ಚೀಲಕ್ಕೆ ಹಾಕಿಕೊಳ್ಳಲು ಕೈ ಚಾಚಿದೆ. ಅವ್ವ ಕೊಡಲಿಲ್ಲ.

"ಚೀಲದಾಗ ಹಾಕಬ್ಯಾಡ" ಎಂದಳು. "ಕೈಯಾಗ ಹಿಡ್ಕೊಂಡು ಹೋಗೂಣು. ಲೋಕಲ್‌ದಾಗ ಮಂದಿ ನೋಡ್ಲಿ."